ಮದುಮಗನ ಬರಿ

ಉಮಾನಾಥನ ಬಾಯಿ ಒಂದು ದಿನ ಸುಮ್ಮನಿದ್ದಿದ್ದರೆ ಪಂಕಜಾಳಿಗೆ ಆ ವರ್ಷದ ಬೇಸಿಗೆ ಹಾಯಾಗಿ ಕಳೆಯುತ್ತಿತ್ತು. ಮಗಳು ನಿಶ್ಮಿತಾಳ ಮದುವೆ ಗೊತ್ತಾಗಿತ್ತು. ಹುಡುಗ ಒಳ್ಳೆಯವನು. ರಿಚ್ಮಂಡ್ ಹಿಲ್ಲಿನ ದೇವಸ್ಥಾನದ ಸಭಾಂಗಣ ಬೇಕಾದ ದಿನಕ್ಕೇ ಸಿಕ್ಕಿತ್ತು. ಮೂಡುಬಿದಿರೆಯಲ್ಲಿರುವ ಅಣ್ಣ ಜಯಪ್ರಕಾಶನಿಗೆ ವೀಸಾ ಕೂಡ ಬಂದಿತ್ತು. ಕೆನಡಾದ ವೀಸಾ ಬರುವುದೆಂದರೆ ಸಣ್ಣ ಮಾತೇ? ದೇವರು ಇಷ್ಟೆಲ್ಲ ಕೊಟ್ಟ ಮೇಲೆ ಗಂಡ ಎಂಬ ಪ್ರಾಣಿ ಫೋನಿನಲ್ಲಿ ಒಂದು ಮಾತು ಹೆಚ್ಚು ಆಡಿದ. ಹುಡುಗನ ಬರಿ ಯಾವುದೆಂದು ತಿಳಿಯದೆ ತಾನು ಧಾರೆಗೆ ಬರುವುದಿಲ್ಲವೆಂದು ಅಣ್ಣ ಅಲ್ಲಿ ಪಟ್ಟು ಹಿಡಿದು ಕೂತ.

ಸೋದರಮಾವನಿಲ್ಲದೆ ಧಾರೆ ಎರೆಯುವುದು ಪಂಕಜಾಳ ತವರಿನಲ್ಲಿ ಇಲ್ಲ. ತುಳುನಾಡಿನ ಆ ಕುಂಬಾರರ ಮನೆಯಲ್ಲಿ ಮಕ್ಕಳು ತಾಯಿಯ ಬಳಿಗೆ, ಎಂದರೆ ತಾಯಿಯ ವಂಶಕ್ಕೆ, ಸೇರಿದವರು. ಆ ಬಳಿಗೇ ಅವರು ಬರಿ ಎನ್ನುವುದು. ತಂದೆ ಯಾವ ಬರಿಯವನಾದರೂ ಮಕ್ಕಳಿಗೆ ಅದು ತಗಲುವುದಿಲ್ಲ. ಪಂಕಜಾ ಬಂಗೇರ ಬರಿಯವಳು, ಹಾಗಾಗಿ ಟೊರಾಂಟೊದ ಆಸ್ಪತ್ರೆಯಲ್ಲಿ ಹುಟ್ಟಿದ ನಿಶ್ಮಿತಾ ಕೂಡ ಬಂಗೇರ. ಉಮಾನಾಥ ಸಾಲ್ಯಾನ್ ಬರಿಯವನು, ಅದು ಅವನ ಜೊತೆಗೇ ಮುಗಿಯಿತು. ಒಂದೇ ಬರಿಯ ಹುಡುಗ ಹುಡುಗಿ ಎಷ್ಟು ದೂರದವರಾದರೂ ಅಣ್ಣ ತಂಗಿಯ ಲೆಕ್ಕ. ಅದಕ್ಕೇ ನೀರು ಎರೆಯುವ ಮೊದಲು ಹುಡುಗಿಯ ಸೋದರಮಾವ ಎದ್ದು ನಿಂತು, ಇಂಥ ಬರಿಯ ಹೆಣ್ಣನ್ನು ಇಂಥ ಬರಿಯ ಗಂಡಿಗೆ ಕೊಡುತ್ತಿದ್ದೇವೆ ಎಂದು ಸಭೆಗೆ ಕೇಳುವಂತೆ ಕೂಗಿ ಹೇಳಬೇಕು. ಈಗ ಹುಡುಗನ ಹೆಸರು ಲುಕಾಸ್ ಹಾಫ್ನರ್. ಅವನಿಗೆ ಬರಿ ಎಲ್ಲಿಂದ ತರುವುದು?

ಇದೆಲ್ಲ ಶುರುವಾಗಿದ್ದು ಟೊರಾಂಟೊ ಪಕ್ಕದ ಅರೋರಾದಲ್ಲಿ, ಆ ಹುಡುಗನ ಮನೆಯ ಬೇಸ್‌ಮೆಂಟಿನಲ್ಲಿ. ೨೦೧೭ರ ಏಪ್ರಿಲಿನಲ್ಲಿ ಬೀಗರ ಮನೆಗೆ ಮೊದಲ ಸಲ ಊಟಕ್ಕೆ ಹೋದಾಗ, ಲುಕಾಸನ ಅಪ್ಪ ವಾಲ್ಟರ್ ಕೋಟು ತೆಗೆಯುವುದಕ್ಕೂ ಬಿಡದೆ ಇವರನ್ನು ಕೆಳಗೆ ಕರೆದುಕೊಂಡು ಹೋದ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ಮನುಷ್ಯ. ಇನ್ನು ಭೂಗೋಳ ಕೇಳುವವರು ಯಾರೂ ಇಲ್ಲದ್ದರಿಂದ ತನ್ನ ಮನೆತನದ ಹೆಸರನ್ನೇ ಹಿಡಿದುಕೊಂಡಿದ್ದ. ಒಂದು ಗೋಡೆಯ ತುಂಬ ಚೌಕಟ್ಟು ಹಾಕಿದ ಚಿತ್ರಗಳು. ಹಾಫ್ನರ್ ಎಂಬ ಹೆಸರು ಹೊತ್ತು ಜಗತ್ತಿನಲ್ಲಿ ಯಾರು ಯಾರು ಪ್ರಸಿದ್ಧರಾದರೋ ಅವರೆಲ್ಲ ಅಲ್ಲಿ ಸಾಲಾಗಿ ನೇತಾಡುತ್ತಿದ್ದರು. ಒಬ್ಬ ಹಿಮದ ಮೇಲೆ ಜಾರುವ ಆಟಗಾರ, ಒಬ್ಬ ಗಡ್ಡದ ಪ್ರೊಫೆಸರ್, ಒಬ್ಬ ಚಿತ್ರಕಾರ. ಎಲ್ಲರಿಗಿಂತ ಮೇಲೆ, ಇನ್ನೂರೈವತ್ತು ವರ್ಷದ ಹಿಂದೆ ಸಾಲ್ಜ್‌ಬರ್ಗಿನ ಮೇಯರ್ ಆಗಿದ್ದ ಒಬ್ಬ ದೊಡ್ಡ ಹೊಟ್ಟೆಯ ವ್ಯಾಪಾರಿ. ಅವನ ಮಗಳ ಮದುವೆಗೆ ಆ ಊರಿನ ಒಬ್ಬ ಮಹಾ ಸಂಗೀತಗಾರ ಹೊಸದಾಗಿ ಸ್ವರ ಕಟ್ಟಿಕೊಟ್ಟಿದ್ದನಂತೆ.

"ಇವರೆಲ್ಲ ನಿಮಗೆ ಹತ್ತಿರದ ನೆಂಟರಾ?" ಎಂದು ಪಂಕಜಾ ಗೌರವದಿಂದ ಕೇಳಿದಳು.

"ಒಬ್ಬರೂ ಅಲ್ಲ" ಎಂದ ವಾಲ್ಟರ್, ಬಹಳ ಸಂತೋಷದಿಂದ. "ಹೆಸರು ಒಂದೇ, ಅಷ್ಟೆ."

ನೆಂಟರಲ್ಲದವರನ್ನು ಮನೆಯ ಗೋಡೆಗೆ ಹಾಕಿಕೊಂಡವನನ್ನು ಪಂಕಜಾ ಅದೇ ಮೊದಲು ನೋಡಿದ್ದು. ಬೀಗನಾಗುವವನು ಎಂದು ಸುಮ್ಮನಾದಳು. ಹಾಫ್ನರ್ ಎಂದರೆ ಏನರ್ಥ ಎಂದು ಉಮಾನಾಥ ಮಾತಿಗೆ ಕೇಳಿದ. ಮಡಕೆ ಮಾಡುವವನು ಎಂದ ವಾಲ್ಟರ್. ಜರ್ಮನಿಯ ತೆಂಕಣಕ್ಕೂ ಆಸ್ಟ್ರಿಯಾಕ್ಕೂ ಹೋದರೆ ಮಣ್ಣಿನ ಒಲೆ ಕಟ್ಟುವವನಿಗೂ ಅದೇ ಹೆಸರು. ಯಾವ ಕಾಲದಲ್ಲೋ ತನ್ನವರು ಮಣ್ಣು ತುಳಿದವರು ಎಂದು ಎದೆ ಮುಂದೆ ಮಾಡಿಕೊಂಡು ಹೇಳಿ, "ನಿಮ್ಮ ಸರ್‌ನೇಮಿನಲ್ಲಿ ಪ್ರಸಿದ್ಧರು ಯಾರಿದ್ದಾರೆ?" ಎಂದು ಕೇಳಿದ.

ಉಮಾನಾಥನಿಗೆ ಸರ್‌ನೇಮ್ ಎಂಬುದೇ ಇರಲಿಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ ಬಿಡಬಾರದೆಂದು ಯಾರೋ ಹೇಳಿದ್ದಕ್ಕೆ ಅಪ್ಪನ ಹೆಸರನ್ನು ತುಂಬಿಸಿದ್ದ. ಹಾಗಾಗಿ ಕೆನಡಾಕ್ಕೆ ಅವನು ಮಿಸ್ಟರ್ ಐತಪ್ಪ. ಓಕ್‌ವಿಲ್ಲಿನ ಕಾರು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಗಳಿಂದ ಬಾಗಿಲುಗಳ ಜೋಡಣೆ ಸರಿಯಿದೆಯೇ ಎಂದು ನೋಡುವ ಕೆಲಸ. ಅಲ್ಲಿಯೂ ಐತಪ್ಪ ಎಂದೇ ಕರೆಯುತ್ತಿದ್ದರು. ಕನ್ನಡ ಸಂಘದಲ್ಲಿ ಡಾಕ್ಟರು, ಎಂಜಿನಿಯರು, ಪ್ರೊಫೆಸರುಗಳ ನಡುವೆ ಕೂತು, ಅಪ್ಪ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ, ಊರಲ್ಲಿ ಏನೋ ಸಣ್ಣ ಬಿಸಿನೆಸ್ಸು ಎಂದು ತೇಲಿಸಿಬಿಡುತ್ತಿದ್ದ. ಮದುವೆಯಾದಾಗಿನಿಂದ ಪಂಕಜಾ ಆ ಉತ್ತರ ಕೇಳುತ್ತ ಬಂದಿದ್ದಳು. ಕೇಳಿದಾಗಲೆಲ್ಲ ಮಾವನ ಮಣ್ಣು ಮೆತ್ತಿದ ಬೆರಳುಗಳು ಕಣ್ಣಮುಂದೆ ಬಂದು ಅವಳಿಗೆ ಬೇಸರವಾಗುತ್ತಿತ್ತು.

ಆ ದಿನ ಉಮಾನಾಥ ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಐತಪ್ಪ ಹೆಸರಿನಲ್ಲಿ ಪ್ರಸಿದ್ಧರು ಒಬ್ಬರೇ, ನನ್ನ ಅಪ್ಪ. ಸುತ್ತ ಮೂರು ಗ್ರಾಮಕ್ಕೆ ಪ್ರಸಿದ್ಧರು. ಅವರೂ ಮಡಕೆ ಮಾಡುತ್ತಿದ್ದರು" ಎಂದ.

ವಾಲ್ಟರ್ ಅವನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. ಪಂಕಜಾ ಗಂಡನ ಪಕ್ಕಕ್ಕೆ ಸರಿದು ನಿಂತಳು. ಮೇಲಿನ ಅಡುಗೆಮನೆಯಿಂದ ಲುಕಾಸನ ಅಮ್ಮ ಟ್ರೂಡಿ, ಊಟ ಆರುತ್ತಿದೆ ಎಂದು ಕೂಗುತ್ತಿದ್ದಳು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಇಷ್ಟು ವರ್ಷ ಮುಚ್ಚಿಟ್ಟದ್ದು ಒಮ್ಮೆ ಹೊರಬಂದ ಮೇಲೆ ಉಮಾನಾಥನಿಗೆ ತಡೆ ಇಲ್ಲವಾಯಿತು. ತಿಂಗಳ ಕೊನೆಗೆ ನಡೆದ ಸಂಘದ ಯುಗಾದಿ ಊಟದಲ್ಲಿ ಡಾಕ್ಟರ್ ಸಿದ್ದಲಿಂಗಯ್ಯನವರು, ಎಪ್ಪತ್ತರ ದಶಕದಲ್ಲೇ ಬಂದು ಈಗ ನಿವೃತ್ತರಾಗಿ ಎಲ್ಲರ ಮನೆಯ ವಿಷಯ ವಿಚಾರಿಸುವ ಹಿರಿಯರು, ಮೆತ್ತಗೆ ಕೇಳಿದರು: "ಏನಪ್ಪಾ ಉಮಾನಾಥ, ಹುಡುಗ ನಮ್ಮೋನಾ, ಇಲ್ಲ ಈ ಕಡೆಯೋನಾ?"

"ನಮ್ಮವನೇ ಡಾಕ್ಟ್ರೇ! ಜರ್ಮನಿಯ ಕುಂಬಾರ. ನಾವೂ ಕುಂಬಾರರೇ ಅಲ್ವಾ, ಸ್ವಜಾತಿಯಲ್ಲೇ ಸಿಕ್ಕಿತು ನೋಡಿ."

ಡಾಕ್ಟರು ಕೈಯಲ್ಲಿದ್ದ ಪಾಯಸ ಚೆಲ್ಲುವಷ್ಟು ನಕ್ಕರು. ಸುತ್ತಲಿದ್ದವರೂ ನಕ್ಕರು. ಅದರಲ್ಲಿ ಕುಹಕವಿಲ್ಲ ಎಂದು ಕಂಡಾಗ ಉಮಾನಾಥನಿಗೆ ಇನ್ನಷ್ಟು ರೆಕ್ಕೆ ಬಂತು. ಮಾತು ಎಲ್ಲಾ ಟೇಬಲಿಗೂ ಹೋಯಿತು; ಮರುದಿನ ಫೋನಿನಲ್ಲಿ ಮೂಡುಬಿದಿರೆಗೂ ಹೋಯಿತು.

ಅಲ್ಲಿ ಜಯಪ್ರಕಾಶ ನಗಲಿಲ್ಲ. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಜೀವಮಾನವೆಲ್ಲ ಮೊಳೆಗೆ ಮೊಳೆ, ತಿರುಪಿಗೆ ತಿರುಪು ಎಂದು ವಿಂಗಡಿಸಿದ ಮನುಷ್ಯ ಅವನು. ಸ್ಪೀಕರಿಗೆ ಹಾಕಿದ್ದ ಫೋನಿನಿಂದ ಅವನ ದನಿ ಅಡುಗೆಮನೆಗೂ ಕೇಳಿತು: "ಅಲ್ಲ ಭಾವ, ಹೊರಗಿನವ ಅಂತ ಹೇಳಿದ್ರೆ ನಾನು ಎಂತದೂ ಕೇಳ್ತಿರ್ಲಿಲ್ಲ. ಬಂದು, ಉಂಡು, ಆಶೀರ್ವಾದ ಮಾಡಿ ಬರ್ತಿದ್ದೆ. ಈಗ ನೀವೇ ನಮ್ಮ ಜಾತಿಯವ ಅಂತ ಹೇಳ್ತೀರಿ. ಹಾಗಾದ್ಮೇಲೆ ಬರಿ ಕೇಳದೆ ಬಿಡುದು ಹೇಗೆ? ಅವನೂ ಬಂಗೇರವೇ ಆಗಿದ್ರೆ?"

"ಭಾವ, ಅದು ತಮಾಷೆಗೆ ಹೇಳಿದ್ದು ಮಾರಾಯ್ರೆ!"

"ಮದುವೆ ತಮಾಷೆಯಾ? ನಿಮಗೆ ಗೊತ್ತಿಲ್ಲದಿದ್ರೆ ಕೇಳಿ ತಿಳ್ಕೊಳ್ಳಿ. ಹುಡುಗನ ಬರಿ ಹೇಳಿದ ದಿನ ನಾನು ಧಾರೆಗೆ ಬರ್ತೇನೆ." ದನಿ ತಗ್ಗಿಸಿ, "ಅಮ್ಮ ಇದ್ದಿದ್ರೆ ಮೊದಲು ಅದನ್ನೇ ಕೇಳ್ತಿದ್ರು, ಪಂಕಜಾ" ಎಂದ.

ಪಂಕಜಾ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಅಮ್ಮ ಹೋಗಿ ಎರಡು ವರ್ಷ ಆಗಿರಲಿಲ್ಲ. ಹಿಮಗಾಳಿಗೆ ವಿಮಾನ ರದ್ದಾಗಿ ಅವಳು ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ತವರು ಎಂದರೆ ಈಗ ಈ ಅಣ್ಣ ಒಬ್ಬನೇ. ಮಗಳ ಮದುವೆಯಲ್ಲಿ ಅವನು ಧಾರೆಯ ಗಿಂಡಿ ಹಿಡಿಯದಿದ್ದರೆ ತನ್ನ ಕಡೆಯಿಂದ ಯಾರೂ ಬಂದಂತೆಯೇ ಅಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತು. ಅನ್ನಿಸಿದ್ದೇ ತಡ, ಸಿಟ್ಟು ಬಂತು.

"ಬಿಳಿ ಹುಡುಗ ಅಂತ ಮುಖ ಊದಿಸಿಕೊಂಡಿದ್ದ ಅಣ್ಣನನ್ನು ಸರಿಮಾಡ್ಲಿಕ್ಕೆ ನನಗೆ ಒಂದು ವರ್ಷ ಬೇಕಾಯ್ತು, ಗೊತ್ತುಂಟಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕುಂಬಾರರ ಮನೆಯಲ್ಲಿ ಹುಟ್ಟಿ ದೊಣ್ಣೆ ಕೆಲಸ ಮಾಡ್ತೀರಲ್ಲ!"

ಉಮಾನಾಥ ಪೆಚ್ಚಾಗಿ, ಹಾಫ್ನರ್ ಎನ್ನುವುದನ್ನೇ ಬರಿ ಎಂದು ಹೇಳಿದರಾಗದೇ ಎಂದು ಉಪಾಯ ಹುಡುಕಿದ. ಮರುವಾರ ಅದನ್ನೇ ಜಯಪ್ರಕಾಶನಿಗೆ ಹೇಳಿಯೂ ನೋಡಿದ. "ಅದು ಹುಡುಗನ ಅಪ್ಪನದ್ದಲ್ವಾ? ಅಪ್ಪನದ್ದು ಯಾರು ಕೇಳಿದ್ದು?" ಎಂದು ಅಲ್ಲಿಂದ ಉತ್ತರ ಬಂತು. ದೇವಸ್ಥಾನದ ಭಟ್ಟರು, ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಉಂಟು, ಚಿಂತೆ ಬೇಡಮ್ಮಾ ಎಂದರು. "ಗೋತ್ರ ಭಟ್ರಿಗಾಯ್ತು, ಬರಿ ನಮಗಾಗಬೇಕಲ್ಲ" ಎಂದ ಅಣ್ಣ. ನಿಶ್ಮಿತಾಳಿಗಂತೂ ಇದು ನಗುವ ವಿಷಯ. "ಅಮ್ಮಾ, ಜಸ್ಟ್ ಮೇಕ್ ಒನ್ ಅಪ್! ಹೂ ವಿಲ್ ನೋ?" ಎಂದಳು. ಅಗ್ನಿಸಾಕ್ಷಿಯಾಗಿ, ಅದೂ ಅಣ್ಣನ ಬಾಯಲ್ಲಿ ಸುಳ್ಳು ಹೇಳಿಸಲು ಪಂಕಜಾಳಿಗೆ ಮನಸ್ಸು ಬರಲಿಲ್ಲ.

ಕೊನೆಗೆ ಅವಳೇ ಯೋಚಿಸಿದಳು. ಬರಿ ಎಂದರೆ ತಾಯಿಯದು. ತಾಯಿಯದನ್ನು ತಾಯಿಯ ಹತ್ತಿರ ಕೇಳಬೇಕೇ ಹೊರತು ಉಮಾನಾಥನ ಹತ್ತಿರ, ಭಟ್ಟರ ಹತ್ತಿರ, ಮಗಳ ಹತ್ತಿರ ಕೇಳುತ್ತ ಕೂತದ್ದು ತನ್ನದೇ ದಡ್ಡತನ. ಡೇಕೇರಿನಲ್ಲಿ ದಿನವಿಡೀ ಹತ್ತು ಮಕ್ಕಳನ್ನು ಸಂಭಾಳಿಸುವ ಹೆಂಗಸಿಗೆ ಇಷ್ಟು ಹೊಳೆಯಲು ತಿಂಗಳು ಬೇಕಾಯಿತಲ್ಲ! ಶನಿವಾರ ಬೆಳಿಗ್ಗೆ ಚೀನೀ ಅಂಗಡಿಯ ಕೆಸುವಿನೆಲೆಯಲ್ಲಿ ಪತ್ರೊಡೆ ಮಾಡಿ, ಡಬ್ಬಿಗೆ ತುಂಬಿ, ಒಬ್ಬಳೇ ಕಾರು ತೆಗೆದುಕೊಂಡು ಯಂಗ್ ಸ್ಟ್ರೀಟಿನಲ್ಲಿ ಬಡಗಕ್ಕೆ, ಅರೋರಾಕ್ಕೆ ಹೊರಟಳು.

ಟ್ರೂಡಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಮೂವತ್ತು ವರ್ಷ ನರ್ಸ್ ಆಗಿದ್ದವಳು. ಮಾತು ಕಡಿಮೆ, ಕೈ ಚುರುಕು. ಪಂಕಜಾ ವಿಷಯವನ್ನು ಮೊದಲಿನಿಂದ ಹೇಳಿದಳು. ಟ್ರೂಡಿ ಸುಲಿಯುತ್ತಲೇ ಕೇಳಿ, "ಅದನ್ನೆಲ್ಲ ವಾಲ್ಟರನನ್ನು ಕೇಳಬೇಕು. ಈ ಮನೆಯಲ್ಲಿ ಹೆಸರುಗಳ ವಿಷಯ ಅವನದು" ಎಂದಳು.

"ವಾಲ್ಟರನ ಗೋಡೆಯಲ್ಲಿ ಇದು ಇಲ್ಲ. ನನಗೆ ನಿಮ್ಮ ಅಮ್ಮ ಬೇಕು. ಅವರ ಅಮ್ಮ, ಅವರ ಅಮ್ಮ."

ಚೂರಿ ನಿಂತಿತು. ಟ್ರೂಡಿ ಕೈ ಒರೆಸಿಕೊಂಡು ಎದುರು ಬಂದು ಕೂತಳು. ತಾನು ಹುಟ್ಟಿದ್ದು ಶುಸ್ಟರ್ ಮನೆಯಲ್ಲಿ ಎಂದಳು. ಎಂದರೆ ಜೋಡು ಹೊಲಿಯುವವನು. ಅಮ್ಮ ಆನಾ ಹುಟ್ಟಿದ್ದು ಫಿಶರ್ ಮನೆಯಲ್ಲಿ, ಮೀನು ಹಿಡಿಯುವವನು. ಅಜ್ಜಿ ಕಾಥರೀನಾ ವಾಗ್ನರ್ ಮನೆಯವಳು, ಬಂಡಿ ಕಟ್ಟುವವನು. ಪ್ರತಿಯೊಬ್ಬಳಿಗೂ ಹುಟ್ಟುವಾಗ ಅಪ್ಪನದೊಂದು ಹೆಸರು, ಮದುವೆಯಾದಾಗ ಗಂಡನದೊಂದು ಹೆಸರು. ಒಂದು ಹಳ್ಳಿಯ ಕಸುಬುಗಳೆಲ್ಲ ಈ ಹೆಂಗಸರ ಮೇಲೆ ಹಾದುಹೋಗಿದ್ದವು. ತಾಯಿಯಿಂದ ಮಗಳಿಗೆ ದಾಟಿದ ಹೆಸರು ಮಾತ್ರ ಒಂದೂ ಇರಲಿಲ್ಲ.

"ಕಾಥರೀನಾ ಅವರ ಅಮ್ಮ?"

ಟ್ರೂಡಿ ಕಿಟಕಿಯ ಕಡೆ ನೋಡುತ್ತ ನೆನಪು ಮಾಡಿಕೊಂಡಳು. "ರೊಸೀನಾ. ಬಾತುಕೋಳಿ ಸಾಕುತ್ತಿದ್ದಳಂತೆ. ಬಾಯಿ ಜೋರು, ಪಾದ್ರಿಯನ್ನೂ ಬಿಡುತ್ತಿರಲಿಲ್ಲವಂತೆ. ಅಜ್ಜಿ ನನ್ನ ತಲೆ ಬಾಚುವಾಗ ಅವಳ ಕತೆ ಹೇಳುತ್ತಿದ್ದಳು. ನನ್ನ ಕೂದಲು ಅವಳದೇ ಅಂತೆ, ಎಷ್ಟು ಬಾಚಿದರೂ ಕೂರುವುದಿಲ್ಲ."

"ಅವರು ಹುಟ್ಟಿದ ಮನೆಯ ಹೆಸರು?"

"ಗೊತ್ತಿಲ್ಲ. ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ." ಪತ್ರೊಡೆಯ ಡಬ್ಬಿ ತೆರೆಯುತ್ತ ಟ್ರೂಡಿ, "ಈ ಮನೆಗೆ ಬಂದು ನಲವತ್ತು ವರ್ಷವಾಯಿತು. ಇದನ್ನು ನನ್ನ ಹತ್ತಿರ ಕೇಳಿದ್ದು ನೀವೇ ಮೊದಲು" ಎಂದಳು. ಇಬ್ಬರೂ ಕೂತು ಪತ್ರೊಡೆ ತಿಂದರು. ಬಹಳ ಖಾರ ಎನ್ನುತ್ತಲೇ ಟ್ರೂಡಿ ಮೂರು ತುಂಡು ಮುಗಿಸಿದಳು.

ಮರುದಿನ ಪಂಕಜಾ ಅಣ್ಣನಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಮುಚ್ಚಿಡಲಿಲ್ಲ, ಸೇರಿಸಲೂ ಇಲ್ಲ.

"ಲೈನಲ್ಲಿ ಇದ್ದೀಯಾ ಅಣ್ಣ?"

"ಇದ್ದೇನೆ. ಅಲ್ಲ ಪಂಕಜಾ, ನಮ್ಮ ಬಂಗೇರದ ಮೊದಲಿನ ಹೆಂಗಸು ಯಾರು? ಹೆಸರು ಎಂತ? ಅಮ್ಮ ನಿನಗೆ ಯಾವಾಗಾದ್ರೂ ಹೇಳಿದ್ದುಂಟಾ?"

"ಇಲ್ಲ. ನಿನಗೆ?"

"ನನಗೂ ಇಲ್ಲ. ನಮಗೆ ಬರಿಯ ಹೆಸರು ಉಂಟು, ಹೆಂಗಸಿನ ಹೆಸರು ಇಲ್ಲ. ಅವರಿಗೆ ಹೆಂಗಸಿನ ಹೆಸರು ಉಂಟು, ಬರಿ ಇಲ್ಲ. ಇದು ಒಳ್ಳೆ ಕತೆ ಆಯ್ತಲ್ಲ ಮಾರಾಯ್ತಿ" ಎಂದ.

"ಹಾಗಾದ್ರೆ ಧಾರೆಗೆ ನಿಲ್ತೀಯಾ?"

"ಬರ್ತೇನೆ. ನಿಲ್ಲುವ ವಿಷಯ ಈಗ ಹೇಳುದಿಲ್ಲ. ಆ ಅಮ್ಮನನ್ನು ಒಂದ್ಸಲ ನೋಡ್ಬೇಕು."

ಆಗಸ್ಟಿನಲ್ಲಿ ಜಯಪ್ರಕಾಶ ಬಂದಿಳಿದ. ಉಪ್ಪಿನಕಾಯಿ, ಹಪ್ಪಳ, ಅಮ್ಮನ ಹಳೆಯ ಧಾರೆ ಸೀರೆ, ಎಲ್ಲ ತಂದಿದ್ದ. ಉತ್ತರ ಒಂದನ್ನು ಬಿಟ್ಟು. ಮದುವೆಗೆ ಮೂರು ದಿನ ಇರುವಾಗ ಬೀಗರು ಊಟಕ್ಕೆ ಬಂದರು. ವಾಲ್ಟರ್ ಜಯಪ್ರಕಾಶನಿಗೆ ಸಾಲ್ಜ್‌ಬರ್ಗಿನ ಮೇಯರನ ಕತೆ ಪೂರ್ತಿ ಹೇಳಿದ. ಇವನು ಅರ್ಧ ತಿಳಿದು, ಅರ್ಧ ತಿಳಿಯದೆ ತಲೆಯಾಡಿಸಿದ. ಟ್ರೂಡಿಗೆ ಅವನು ಕೇಳಿದ್ದು ಒಂದೇ ಪ್ರಶ್ನೆ, ತನ್ನ ಶಾಲೆಯ ಇಂಗ್ಲಿಷಿನಲ್ಲಿ: ಅಣ್ಣ ತಮ್ಮಂದಿರು ಇದ್ದಾರೆಯೇ? ಒಬ್ಬ ಅಣ್ಣ ಇದ್ದ, ತೀರಿಹೋದ ಎಂದಳು ಟ್ರೂಡಿ. ಜಯಪ್ರಕಾಶ ತಲೆ ಕೆಳಗೆ ಹಾಕಿ ಅನ್ನ ಕಲೆಸಿದ. ಅವರು ಹೋದ ಮೇಲೆ ಪಂಕಜಾ, "ಎಂತ ಹೇಳ್ತೀ?" ಎಂದು ಕೇಳಿದರೆ, "ಸಾರಿಗೆ ಉಪ್ಪು ಸ್ವಲ್ಪ ಹೆಚ್ಚಾಗಿತ್ತು" ಎಂದು ಮಲಗಲು ಹೋದ. ಒಡಹುಟ್ಟಿದವನಲ್ಲದಿದ್ದರೆ ಅವಳು ಅಲ್ಲೇ ಜಗಳ ತೆಗೆಯುತ್ತಿದ್ದಳು.

ಮದುವೆಯ ದಿನ ಸಭಾಂಗಣದ ಅರ್ಧ ಭಾಗದಲ್ಲಿ ರೇಷ್ಮೆ ಸೀರೆ, ಅರ್ಧ ಭಾಗದಲ್ಲಿ ಹೂವಿನ ಫ್ರಾಕು. ಲುಕಾಸ್ ಪಂಚೆ ಜಾರದ ಹಾಗೆ ಒಳಗೆ ಬೆಲ್ಟು ಬಿಗಿದಿದ್ದ. ಅಜ್ಜಿಯ ಸೀರೆಯಲ್ಲಿ ನಿಶ್ಮಿತಾ ಎಷ್ಟು ಚಂದ ಕಂಡಳೆಂದರೆ, ದೃಷ್ಟಿ ತೆಗೆಯಬೇಕು ಎಂದುಕೊಂಡ ಪಂಕಜಾ ತನ್ನ ಕಣ್ಣೇ ಮೊದಲು ತಾಗೀತೆಂದು ಬೇರೆ ಕಡೆ ನೋಡಿದಳು. ಭಟ್ಟರು ಕಾಶ್ಯಪ ಗೋತ್ರ ಹೇಳಿ ಮುಗಿಸಿ, ಗಿಂಡಿಗೆ ನೀರು ತುಂಬಿಸಿಟ್ಟು, ಸೋದರಮಾವ ಬರಲಿ ಎಂದರು.

ಜಯಪ್ರಕಾಶ ಎದ್ದ. ಶಲ್ಯ ಸರಿಮಾಡಿಕೊಂಡ. ಮಂಟಪದ ಕಡೆ ಬರುವ ಬದಲು ಮುಂದಿನ ಸಾಲಿನ ಕುರ್ಚಿಗಳ ಕಡೆ ನಡೆದ. ಇವನು ಹೊರಗೆ ಹೋಗಿಬಿಡುತ್ತಾನೆ, ಎಲ್ಲರೆದುರು ಮಾನ ಹೋಯಿತು ಎಂದುಕೊಂಡಳು ಪಂಕಜಾ. ಅವನು ಹೋಗಿ ನಿಂತದ್ದು ಟ್ರೂಡಿಯ ಮುಂದೆ. ಕೈಸನ್ನೆಯಲ್ಲಿ ಅವಳನ್ನು ಎಬ್ಬಿಸಿ, ಮಂಟಪಕ್ಕೆ ಕರೆತಂದು ಲುಕಾಸನ ಪಕ್ಕದಲ್ಲಿ ನಿಲ್ಲಿಸಿದ.

"ಗಂಡಿನ ಕಡೆಯಲ್ಲೂ ಮಾವ ನಿಲ್ಲಬೇಕು ಭಟ್ರೇ. ಇವರಿಗೆ ಅಣ್ಣ ಇಲ್ಲ. ಬರಿ ಇವರದ್ದು, ಇವರೇ ನಿಲ್ಲಲಿ" ಎಂದ.

ಆಮೇಲೆ ಗಿಂಡಿ ಎತ್ತಿಕೊಂಡು, ಅಂಗಡಿಯಲ್ಲಿ ಹಿಂದಿನ ಗೋದಾಮಿಗೆ ಕೇಳುವಂತೆ ಕೂಗಿ ಅಭ್ಯಾಸವಾದ ಆ ದನಿಯಲ್ಲಿ, ಊರಿನ ತುಳುವಿನಲ್ಲಿ ಸಭೆಗೆ ಹೇಳಿದ. ಬಂಗೇರ ಬರಿಯ ಪಂಕಜಾಳ ಮಗಳು ನಿಶ್ಮಿತಾಳನ್ನು, ರೊಸೀನಾ ಬರಿಯ ಟ್ರೂಡಿಯ ಮಗ ಲುಕಾಸನಿಗೆ ಧಾರೆ ಎರೆದು ಕೊಡುತ್ತಿದ್ದೇವೆ. ಮೂರು ಸಲ ಹೇಳಿದ. ಮೂರು ಸಲವೂ ರೊಸೀನಾ ಎಂಬುದು ಸ್ಪಷ್ಟವಾಗಿ, ಮೂಡುಬಿದಿರೆಯದೇ ಹೆಸರೆಂಬಷ್ಟು ಸಲೀಸಾಗಿ ಬಂತು. ನೀರು ಇಬ್ಬರ ಕೈ ಮೇಲಿಂದ ಇಳಿಯಿತು. ಪಂಕಜಾ ಅಳಬಾರದೆಂದುಕೊಂಡಿದ್ದಳು, ಅತ್ತಳು.

ಮುಂದಿನ ಸಾಲಿನಲ್ಲಿ ವಾಲ್ಟರ್ ಉಮಾನಾಥನ ಕಡೆ ಬಾಗಿ, ಹಾಫ್ನರ್ ಎಂದದ್ದು ತನಗೆ ಕೇಳಲೇ ಇಲ್ಲವಲ್ಲ ಎಂದ. "ಐತಪ್ಪ ಅಂತಲೂ ಹೇಳಲಿಲ್ಲ. ಇದರಲ್ಲಿ ನಮ್ಮಿಬ್ಬರ ಕೆಲಸ ಇಲ್ಲ, ಬನ್ನಿ, ಬಡಿಸುವ ಕಡೆ ನೋಡುವ" ಎಂದು ಉಮಾನಾಥ ಬೀಗನ ಹೆಗಲ ಮೇಲೆ ಕೈಹಾಕಿದ.

ಊಟದ ಪಂಕ್ತಿಯಲ್ಲಿ ಟ್ರೂಡಿ ಎಲೆಯ ಮುಂದೆ ಕೂತವಳು ಏನನ್ನೂ ಮುಟ್ಟಲಿಲ್ಲ. ಪಂಕಜಾ ಪಕ್ಕಕ್ಕೆ ಬಂದು ಕೂತಳು.

"ಚಿಕ್ಕವಳಿದ್ದಾಗ ಅಮ್ಮ ನನ್ನನ್ನು ರೊಸೀನಾ ಇದ್ದ ಹಳ್ಳಿಗೆ ಕರೆದುಕೊಂಡು ಹೋಗಿದ್ದಳು" ಎಂದಳು ಟ್ರೂಡಿ. "ರೊಸೀನಾಳ ಗೋರಿ ನೋಡಿದೆ. ಗಂಡನ ಹೆಸರು ದೊಡ್ಡದಾಗಿ ಕೆತ್ತಿತ್ತು. ಅದರ ಕೆಳಗೆ 'ಮತ್ತು ಹೆಂಡತಿ' ಎಂದು, ಅಷ್ಟೇ. ಅವಳ ಹೆಸರನ್ನು ಹೀಗೆ ದೊಡ್ಡ ದನಿಯಲ್ಲಿ ಯಾರಾದರೂ ಹೇಳಿದ್ದನ್ನು ಇವತ್ತೇ ಕೇಳಿದ್ದು."

ಎದುರಿನ ಎಲೆಯ ಮುಂದೆ ಕೂತಿದ್ದ ಜಯಪ್ರಕಾಶ, ಆ ಅಮ್ಮ ಯಾಕೆ ಉಣ್ಣುತ್ತಿಲ್ಲ, ಎಂತ ಹೇಳ್ತಿದ್ದಾರೆ ಎಂದು ಕೇಳಿದ. ಪಂಕಜಾ ಹೇಳಿದಳು. ಅವನು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ.

"ಹೌದಾ? ಹಾಗಾದ್ರೆ ಇನ್ನೊಮ್ಮೆ ಹೇಳುವ" ಎಂದು, ಬಡಿಸುವವರನ್ನು ಪಕ್ಕಕ್ಕೆ ಸರಿಸಿ ಪಂಕ್ತಿಯ ನಡುವೆ ಎದ್ದು ನಿಂತ.